‘ಫ್ರೀ’ 22 ಜಿಬಿ ಉಳಿದಿದೆ ಅನ್ನುತ್ತದೆ, ಆದರೂ ಕಂಟೇನರ್ ಸಾಯುವುದು ಯಾಕೆ?

ಪ್ರಶ್ನೆ: ಸರ್, ನಮಸ್ಕಾರ್ರಿ. ನಾನು ಮುಧೋಳ ಕಡೆಯಾಂವ. ಇಲ್ಲೊಂದು ಸಕ್ಕರಿ ಕಾರ್ಖಾನಿಯ ಕಾಟಾದ ಸಾಫ್ಟ್‌ವೇರ್ ನೋಡ್ಕೋತೀನ್ರಿ. ಕಬ್ಬಿನ ಗಾಡಿ ತೂಕ ಮಾಡಿ ಚೀಟಿ ಕೊಡೋ ಆ್ಯಪ್, ಜಾವಾ 8 ಅಪ್‌ಡೇಟ್ 252, ಡಾಕರ್ ಕಂಟೇನರ್‌ನ್ಯಾಗ ಓಡತೈತಿ. ಮೆಮೊರಿ ಲಿಮಿಟ್ 2 ಜಿಬಿ. ಹ್ವಾದ ಹಂಗಾಮಿನ್ಯಾಗ 8 ಜಿಬಿಯ ಹಳೇ ಸರ್ವರ್, ಉಬುಂಟು 18.04 ಇತ್ರಿ. ಒಂದ ದಿನಾನೂ ಬಿದ್ದಿರಲಿಲ್ಲ. ಈ ಸಲ 32 ಜಿಬಿಯ ಹೊಸಾ ಸರ್ವರ್, ಉಬುಂಟು 22.04 ಹಾಕೇವಿ, ಸ್ವಾಪ್ ಇಟ್ಟಿಲ್ಲ. ಈಗ ಸಂಜಿಮುಂದ ಗಾಡಿ ಸಾಲ ಹಚ್ಚಿದ ಹೊತ್ತಿಗೇ ಆ್ಯಪ್ ಒಮ್ಮಿಂದೊಮ್ಮೆಲೇ ಹೋಗಿಬಿಡತೈತಿ. ಕೋಡ್ 137. ಲಾಗ್‌ನ್ಯಾಗ ಒಂದ ಅಕ್ಷರ ಇರೂದಿಲ್ಲ. ಕಂಟೇನರ್ ಒಳಗ ಹೊಕ್ಕು ಫ್ರೀ ಕಮಾಂಡ್ ಹೊಡದ್ರ ಟೋಟಲ್ 31 ಜಿಬಿ, ಅವೇಲೆಬಲ್ 22 ಜಿಬಿ ಅಂತ ತೋರಸ್ತೈತಿ. ಇಷ್ಟ ಮೆಮೊರಿ ಇದ್ದೂ ಸಾಯೂದ್ಯಾಕ್ರಿ? ಫ್ರೀ ಸುಳ್ಳ ಹೇಳತೈತೇನು?

ಉತ್ತರ: ಫ್ರೀ ಸುಳ್ಳು ಹೇಳುತ್ತಿಲ್ಲ. ಆದರೆ ನಿಮ್ಮ ಪ್ರಶ್ನೆಗೆ ಅದು ಉತ್ತರ ಕೊಟ್ಟಿಲ್ಲ. ಕಂಟೇನರ್ ಎಂದರೆ ಯಂತ್ರದೊಳಗೆ ಆ್ಯಪ್ ಒಂದಕ್ಕೆ ಕಟ್ಟಿಕೊಟ್ಟ ಪ್ರತ್ಯೇಕ ಕೋಣೆ. ‘ನನ್ನ ಕಂಟೇನರ್‌ಗೆ ಇನ್ನೆಷ್ಟು ಉಳಿದಿದೆ’ ಎಂದು ನೀವು ಕೇಳಿದಿರಿ. ‘ಇಡೀ ಯಂತ್ರದಲ್ಲಿ ಇನ್ನೆಷ್ಟು ಉಳಿದಿದೆ’ ಎಂದು ಅದು ಹೇಳಿತು. ನಿಮ್ಮ ಜಾವಾ ಕೂಡ ಯಂತ್ರದ ಲೆಕ್ಕವನ್ನೇ ತನ್ನದೆಂದು ತಿಳಿದು ಧಾರಾಳವಾಗಿ ಖರ್ಚು ಮಾಡಿದೆ. 2 ಜಿಬಿ ಮುಟ್ಟಿದ ಕ್ಷಣ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅದನ್ನು ಕೊಂದಿದೆ.

ಹಂಗಾಮು ನಡೆದಿದೆ, ಕಾಟಾದ ಮುಂದೆ ರೈತರು ಚಳಿಯಲ್ಲಿ ಟ್ರ್ಯಾಕ್ಟರ್ ಮೇಲೆ ಕಾಯುತ್ತಿರುತ್ತಾರೆ. ಹಾಗಾಗಿ ಮೊದಲು ಮದ್ದು, ಆಮೇಲೆ ರೋಗದ ಮಾತು. ಕಂಟೇನರ್ ಹೇಗೆ ಓಡಬೇಕೆಂದು ಬರೆದಿಟ್ಟ ನಿಮ್ಮ ಕಂಪೋಸ್ ಫೈಲಿನಲ್ಲಿ ಆ ಕಂಟೇನರ್‌ನ ಎನ್ವಿರಾನ್‌ಮೆಂಟ್ ಭಾಗಕ್ಕೆ ‘ಜಾವಾ_ಟೂಲ್_ಆಪ್ಶನ್ಸ್’ ಎಂಬ ವೇರಿಯಬಲ್ ಸೇರಿಸಿ, ಅದರ ಬೆಲೆ ‘-ಎಕ್ಸ್‌ಎಮ್‌ಎಕ್ಸ್1ಜಿ’ ಎಂದು ಕೊಡಿ. ಜಾವಾ ತನ್ನ ಡೇಟಾ ಇಟ್ಟುಕೊಳ್ಳುವ ಮೆಮೊರಿಗೆ ಹೀಪ್ ಎನ್ನುತ್ತಾರೆ, ಅದಕ್ಕೆ 1 ಜಿಬಿ ಮಿತಿ ಹಾಕುವ ಮಾತು ಇದು. ಇಲ್ಲಿ ಎಲ್ಲ ಹೆಸರುಗಳನ್ನೂ ಉಚ್ಚಾರದಂತೆ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು. ವೇರಿಯಬಲ್‌ನ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿರಲಿ. ಬರೇ ರೀಸ್ಟಾರ್ಟ್ ಮಾಡಿದರೆ ಈ ಬದಲಾವಣೆ ಹತ್ತುವುದಿಲ್ಲ, ಕಂಪೋಸ್ ಅಪ್ ಕೊಟ್ಟು ಕಂಟೇನರನ್ನು ಹೊಸದಾಗಿ ಎಬ್ಬಿಸಬೇಕು. ಎದ್ದ ಕೂಡಲೇ ಲಾಗ್‌ನ ಮೊದಲ ಸಾಲುಗಳಲ್ಲಿ ‘ಪಿಕ್ಡ್ ಅಪ್ ಜಾವಾ ಟೂಲ್ ಆಪ್ಶನ್ಸ್’ ಎಂದು ಕಂಡರೆ ನಿಮ್ಮ ಮಾತು ಜಾವಾದ ಕಿವಿಗೆ ಬಿದ್ದಿದೆ ಎಂದರ್ಥ. ಇಮೇಜ್ ಹೊಸದಾಗಿ ಕಟ್ಟುವುದು ಬೇಡ, ಕೋಡ್ ಮುಟ್ಟುವುದು ಬೇಡ. ಇಂದು ಸಂಜೆಯ ಸಾಲು ಇದರಿಂದ ದಾಟುತ್ತದೆ.

ಈಗ ರೋಗದ ಮಾತು. ನಿಮ್ಮ ಭಾಗದವರಿಗೆ ಇದನ್ನು ನೀರಿನ ಲೆಕ್ಕದಲ್ಲೇ ಹೇಳಬಹುದು. ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ. ಮಳೆಗಾಲ ಮುಗಿಯುತ್ತಲೇ ‘ಡ್ಯಾಮ್ ತುಂಬಿತು’ ಎಂದು ಪೇಪರಿನಲ್ಲಿ ಬರುತ್ತದೆ. ಆ ಸುದ್ದಿ ನಿಜ. ಆದರೆ ಘಟಪ್ರಭಾ ಎಡದಂಡೆ ಕಾಲುವೆಯ ಬಾಲದ ತುದಿಯಲ್ಲಿ ಹೊಲ ಇರುವವನು ಆ ಸುದ್ದಿ ಓದಿ ಎಷ್ಟು ಎಕರೆ ಕಬ್ಬು ನಾಟಿ ಮಾಡಬೇಕೆಂದು ತೀರ್ಮಾನಿಸುವುದಿಲ್ಲ. ಅವನು ನೋಡುವುದು ತನ್ನ ತೂಬಿಗೆ ಬರುವ ಪಾಲನ್ನು. ಡ್ಯಾಮಿನ ಮಟ್ಟ ಎಲ್ಲರಿಗೂ ಒಂದೇ, ತೂಬಿನ ಪಾಲು ಅವನೊಬ್ಬನದು. ಫ್ರೀ ಓದುವುದು ಡ್ಯಾಮಿನ ಬೋರ್ಡು. ನೀವು ಡಾಕರ್‌ಗೆ ಕೊಟ್ಟ 2 ಜಿಬಿ ಲಿಮಿಟ್ ನಿಮ್ಮ ತೂಬು.

ಹೀಗೇಕಾಯಿತು ಎಂದರೆ, ಲಿನಕ್ಸ್ ಕರ್ನಲ್‌ಗೆ ‘ಕಂಟೇನರ್’ ಎಂಬ ಒಂದು ವಸ್ತುವೇ ಗೊತ್ತಿಲ್ಲ. ನಾವು ಕಂಟೇನರ್ ಎನ್ನುವುದು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನ ಬರೆದ ಎರಡು ಸೌಲಭ್ಯಗಳ ಜೋಡಣೆ. ಒಂದು ನೇಮ್‌ಸ್ಪೇಸ್: ಪ್ರೊಸೆಸ್‌ಗೆ ಏನು ಕಾಣಬೇಕು, ಏನು ಕಾಣಬಾರದು ಎಂದು ಅದು ತೀರ್ಮಾನಿಸುತ್ತದೆ. ಪ್ರೊಸೆಸ್ ನಂಬರು, ನೆಟ್‌ವರ್ಕು, ಮೌಂಟು, ಹೋಸ್ಟಿನ ಹೆಸರು ಇವಕ್ಕೆಲ್ಲ ಪ್ರತ್ಯೇಕ ನೇಮ್‌ಸ್ಪೇಸ್ ಇವೆ. ಇನ್ನೊಂದು ಸಿಗ್ರೂಪ್: ಎಷ್ಟು ಬಳಸಬಹುದು ಎಂದು ಅದು ತೀರ್ಮಾನಿಸುತ್ತದೆ. ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಇದನ್ನು ‘ಪ್ರೊಸೆಸ್ ಕಂಟೇನರ್ಸ್’ ಎಂಬ ಹೆಸರಿನಲ್ಲಿ ಶುರುಮಾಡಿದರು. ಹೆಸರು ಬದಲಾಗಿ ಸಿಗ್ರೂಪ್ ಎಂದು 2008ರ ಜನವರಿಯಲ್ಲಿ, 2.6.24 ಕರ್ನಲ್ ಜೊತೆ ಹೊರಬಂತು. ಮೆಮೊರಿಗೆ ಮಿತಿ ಹಾಕುವ ಭಾಗ ಅದರ ಮುಂದಿನ 2.6.25ರಲ್ಲಿ ಸೇರಿತು.

ಮೆಮೊರಿಗೆ ಮಿತಿ ಬಂತು, ಆದರೆ ಮೆಮೊರಿಗೆ ನೇಮ್‌ಸ್ಪೇಸ್ ಬರಲಿಲ್ಲ. ನಿಮ್ಮ ತೊಡಕಿನ ಬೇರು ಇಲ್ಲಿದೆ. ಫ್ರೀ, ಟಾಪ್ ಇವೆಲ್ಲ ಓದುವುದು ‘/ಪ್ರೋಕ್/ಮೆಮ್‌ಇನ್ಫೋ’ ಎಂಬ ಫೈಲನ್ನು. ಆ ಫೈಲು ಸಿಗ್ರೂಪ್‌ಗಿಂತ ಬಹಳ ಹಳೆಯದು, ಅದು ಯಾವತ್ತೂ ಇಡೀ ಯಂತ್ರದ ಲೆಕ್ಕವನ್ನೇ ಹೇಳುತ್ತಾ ಬಂದಿದೆ. ಕಂಟೇನರ್ ಒಳಗಿಂದ ಓದಿದರೂ, ಹೊರಗಿಂದ ಓದಿದರೂ ಅದೇ ಅಂಕಿ. ಅವೇಲೆಬಲ್ ಎಂಬ ಅಂಕಣವಂತೂ ಇನ್ನೂ ಈಚಿನದು. ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಹೋಗದೆ ಹೊಸ ಪ್ರೋಗ್ರಾಮುಗಳಿಗೆ ಎಷ್ಟು ಕೊಡಬಹುದು ಎಂಬ ಅಂದಾಜನ್ನು ಕರ್ನಲ್ಲೇ ಹಾಕಿ ಹೇಳಲಿ ಎಂದು 2014ರಲ್ಲಿ, 3.14 ಕರ್ನಲ್‌ನಲ್ಲಿ ಸೇರಿಸಿದರು. ಒಳ್ಳೆಯ ಅಂದಾಜು ಅದು, ನಾನು ದಿನಾ ನೋಡುತ್ತೇನೆ. ಆದರೆ ಯಂತ್ರದ ಮಟ್ಟಿಗೆ ಮಾತ್ರ.

‘ಹಾಗಾದರೆ ಮೆಮ್‌ಇನ್ಫೋ ಫೈಲನ್ನೇ ಕಂಟೇನರ್‌ಗೆ ತಕ್ಕಂತೆ ತಿದ್ದಬಾರದೇ’ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಅಷ್ಟು ಸಲೀಸಿಲ್ಲ. ಸಿಗ್ರೂಪ್‌ಗಳು ಮರದ ಹಾಗೆ ಒಂದರೊಳಗೊಂದು ಇರುತ್ತವೆ. ನಿಮ್ಮ ಕಂಟೇನರ್‌ಗೆ 2 ಜಿಬಿ, ಅದರ ಮೇಲಿನ ಗುಂಪಿಗೆಲ್ಲ ಸೇರಿ 3 ಜಿಬಿ, ಆ ಗುಂಪಿನಲ್ಲಿ ಪಕ್ಕದ ಕಂಟೇನರ್ ಆಗಲೇ 2 ಜಿಬಿ ತಿಂದು ಕೂತಿದೆ ಎಂದುಕೊಳ್ಳಿ. ಈಗ ನಿಮಗೆ ಉಳಿದದ್ದು ಎಷ್ಟು? ಇನ್ನೊಂದು ಕಡೆ, 32 ಜಿಬಿಯ ಯಂತ್ರದಲ್ಲಿ ತಲಾ 8 ಜಿಬಿ ಲಿಮಿಟ್ ಇರುವ ಹತ್ತು ಕಂಟೇನರ್ ಓಡಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಲಿಮಿಟ್ ಎಂದರೆ ಇದಕ್ಕಿಂತ ಜಾಸ್ತಿ ಕೊಡುವುದಿಲ್ಲ ಎಂಬ ಮಾತು, ಇಷ್ಟಂತೂ ಕೊಟ್ಟೇ ಕೊಡುತ್ತೇನೆ ಎಂಬ ಭರವಸೆ ಅದರಲ್ಲಿಲ್ಲ. ತೂಬು ಎಷ್ಟೇ ಅಗಲ ಇದ್ದರೂ ಡ್ಯಾಮ್ ಬತ್ತಿದರೆ ನೀರಿಲ್ಲ. ಆದ್ದರಿಂದ ನಿಜಕ್ಕೂ ಉಳಿದದ್ದೆಷ್ಟು ಎಂದರೆ ಯಂತ್ರದಲ್ಲಿ ಉಳಿದದ್ದು, ನಿಮ್ಮ ಲಿಮಿಟ್‌ನಲ್ಲಿ ಉಳಿದದ್ದು, ನಿಮ್ಮ ಮೇಲಿನ ಪ್ರತಿ ಗುಂಪಿನ ಲಿಮಿಟ್‌ನಲ್ಲಿ ಉಳಿದದ್ದು, ಇವೆಲ್ಲದರಲ್ಲಿ ಯಾವುದು ಕಡಿಮೆಯೋ ಅದು.

ಇನ್ನು ನಿಮ್ಮ ಪ್ರಕರಣದ ತಿರುಳು. ಹಳೆಯ ಸರ್ವರಿನಲ್ಲಿ ಇದೇ ಜಾವಾ, ಇದೇ ಲಿಮಿಟ್ ಇಟ್ಟುಕೊಂಡು ಒಂದು ಇಡೀ ಹಂಗಾಮು ದಾಟಿದ ಆ್ಯಪ್, ನಾಲ್ಕು ಪಟ್ಟು ದೊಡ್ಡ ಯಂತ್ರದಲ್ಲಿ ಸಾಯುತ್ತಿದೆ. ನಿಮ್ಮ ಪತ್ರದಲ್ಲಿದ್ದ ಎರಡು ಅಂಕಿಗಳೇ ಕಾರಣ ಹೇಳಿಬಿಟ್ಟವು: ‘ಅಪ್‌ಡೇಟ್ 252’ ಮತ್ತು ‘22.04’.

ಯಾರೂ ಏನೂ ಹೇಳದಿದ್ದರೆ ಜಾವಾ ತನಗೆ ಕಂಡ ಒಟ್ಟು ಮೆಮೊರಿಯ ಕಾಲು ಭಾಗವನ್ನು ಹೀಪ್‌ನ ಮೇಲ್ಮಿತಿಯಾಗಿ ಇಟ್ಟುಕೊಳ್ಳುತ್ತದೆ. ಬಹಳ ವರ್ಷ ಅದು ಯಂತ್ರದ ಮೆಮೊರಿಯನ್ನೇ ನೋಡುತ್ತಿತ್ತು. ಡಾಕರ್ 2013ರಲ್ಲಿ ಬಂದು ಎಲ್ಲೆಡೆ ಹಬ್ಬಿದ ಮೇಲೆ ನಿಮ್ಮಂಥ ಸಾವುಗಳು ಎಷ್ಟೋ ಕಡೆ ಆದವು. ಕೊನೆಗೆ ಜಾವಾ 10ರಲ್ಲಿ ಅದು ತಾನಾಗಿ ಸಿಗ್ರೂಪ್ ಲಿಮಿಟ್ ಓದುವುದನ್ನು ಕಲಿಯಿತು. ಅದೇ ತಿದ್ದುಪಡಿ 2018ರ ಅಕ್ಟೋಬರ್‌ನಲ್ಲಿ ಜಾವಾ 8ರ ಅಪ್‌ಡೇಟ್ 191ಕ್ಕೂ ಬಂತು. ನಿಮ್ಮದು 252, ಅಂದರೆ ಕಲಿತದ್ದೇ. ಹಳೆಯ ಸರ್ವರಿನಲ್ಲಿ ಅದು ಲಿಮಿಟ್ 2 ಜಿಬಿ ಎಂದು ಸರಿಯಾಗಿ ಓದಿ, ಕಾಲು ಭಾಗ ಎಂದರೆ 512 ಎಂಬಿ ಹೀಪ್ ಇಟ್ಟುಕೊಂಡು, ಅಷ್ಟರಲ್ಲೇ ಕಸ (ಬೇಡವಾದ ಹಳೆಯ ಡೇಟಾ) ಗುಡಿಸಿಕೊಂಡು, ಅಚ್ಚುಕಟ್ಟಾಗಿ ಹಂಗಾಮು ಮುಗಿಸಿದೆ.

ಆದರೆ ಅದು ಕಲಿತದ್ದು ಹಳೆಯ ಸಿಗ್ರೂಪ್‌ನ ವಿಳಾಸ. ಸಿಗ್ರೂಪ್‌ಗೆ ಎರಡು ಆವೃತ್ತಿಗಳಿವೆ. ಮೊದಲನೆಯದರಲ್ಲಿ ಲಿಮಿಟ್ ಇರುವುದು ‘/ಸಿಸ್/ಎಫ್‌ಎಸ್/ಸಿಗ್ರೂಪ್/ಮೆಮೊರಿ’ ಡೈರೆಕ್ಟರಿಯ ‘ಮೆಮೊರಿ.ಲಿಮಿಟ್_ಇನ್_ಬೈಟ್ಸ್’ ಫೈಲಿನಲ್ಲಿ. ತೇಜುನ್ ಹಿಯೋ ಅವರ ನೇತೃತ್ವದಲ್ಲಿ ಪೂರ್ತಿ ಹೊಸದಾಗಿ ಕಟ್ಟಿದ ಎರಡನೆಯ ಆವೃತ್ತಿ 2016ರ ಮಾರ್ಚ್‌ನಲ್ಲಿ, 4.5 ಕರ್ನಲ್ ಜೊತೆ ಅಧಿಕೃತವಾಯಿತು. ಅದರಲ್ಲಿ ಆ ಡೈರೆಕ್ಟರಿಯೂ ಇಲ್ಲ, ಆ ಫೈಲೂ ಇಲ್ಲ. ಕಂಟೇನರ್ ಒಳಗಿಂದ ನೋಡಿದರೆ ಲಿಮಿಟ್ ಇರುವುದು ‘/ಸಿಸ್/ಎಫ್‌ಎಸ್/ಸಿಗ್ರೂಪ್/ಮೆಮೊರಿ.ಮ್ಯಾಕ್ಸ್’ ಫೈಲಿನಲ್ಲಿ. ಉಬುಂಟು 18.04 ಹಳೆಯ ಆವೃತ್ತಿಯಲ್ಲಿ ಎದ್ದೇಳುತ್ತಿತ್ತು, 22.04 ಹೊಸದರಲ್ಲಿ ಎದ್ದೇಳುತ್ತದೆ. ಜಾವಾ 8ಕ್ಕೆ ಹೊಸ ಆವೃತ್ತಿ ಓದಲು ಬಂದದ್ದು ಅಪ್‌ಡೇಟ್ 372ರಲ್ಲಿ, ಅಂದರೆ 2023ರ ಏಪ್ರಿಲ್‌ನಲ್ಲಿ. ಜಾವಾ 11ಕ್ಕೆ 11.0.16ರಲ್ಲಿ ಬಂತು. 15 ಮತ್ತು ಅದರ ನಂತರದವಕ್ಕೆ ಮೊದಲಿಂದಲೇ ಇದೆ.

ನಿಮ್ಮ 252 ಹೊಸ ಸರ್ವರಿನಲ್ಲಿ ಹಳೆಯ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿದೆ. ಅಲ್ಲಿ ಮನೆಯೇ ಇಲ್ಲ. ಆಗ ಅದು ‘ನಾನು ಕಂಟೇನರ್‌ನಲ್ಲಿ ಇಲ್ಲ’ ಎಂದುಕೊಂಡು ಯಂತ್ರದ 31 ಜಿಬಿ ಚಿಲ್ಲರೆಯನ್ನು ನೋಡಿ, ಅದರ ಕಾಲು ಭಾಗ, ಹತ್ತಿರಹತ್ತಿರ 7.8 ಜಿಬಿಯನ್ನು ತನ್ನ ಮೇಲ್ಮಿತಿ ಮಾಡಿಕೊಂಡಿದೆ. ಎಚ್ಚರಿಕೆಯ ಒಂದು ಸಾಲನ್ನೂ ಬರೆದಿಲ್ಲ. 2 ಜಿಬಿಯ ಕೋಣೆಯಲ್ಲಿ ಕೂತು 7.8 ಜಿಬಿಯ ಲೆಕ್ಕ ಹಾಕುತ್ತಿದೆ.

ನನ್ನ ಮಾತನ್ನು ಸುಮ್ಮನೆ ನಂಬಬೇಡಿ, ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ಕಂಟೇನರ್ ಒಳಗೆ ಹೋಗಿ ಜಾವಾವನ್ನು ‘-ಎಕ್ಸ್‌ಎಕ್ಸ್:+ಪ್ರಿಂಟ್‌ಫ್ಲ್ಯಾಗ್ಸ್‌ಫೈನಲ್ -ವರ್ಷನ್’ ಎಂದು ಓಡಿಸಿ, ಬಂದ ರಾಶಿಯಲ್ಲಿ ‘ಮ್ಯಾಕ್ಸ್‌ಹೀಪ್‌ಸೈಜ್’ ಸಾಲು ಹುಡುಕಿ. ಮೇಲೆ ಹೇಳಿದ ಮದ್ದು ಹಾಕುವ ಮೊದಲು ನೋಡಿದರೆ ಅಲ್ಲಿ 800 ಕೋಟಿ ಬೈಟ್‌ಗೂ ಮೇಲಿನ ಅಂಕಿ ಇರುತ್ತದೆ. ಹಳೆಯ ಸರ್ವರ್ ಇನ್ನೂ ಮೂಲೆಯಲ್ಲಿದ್ದರೆ ಅದರಲ್ಲೂ ಓಡಿಸಿ, 53 ಕೋಟಿಯ ಆಸುಪಾಸು ಬರುತ್ತದೆ. ಈ ಎರಡು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು ನಿಮ್ಮ ಮೇಲಿನವರಿಗೆ ತೋರಿಸಿ. ‘ಹೊಸ ಸರ್ವರ್ ಖರೀದಿಸಿದ್ದೇ ತಪ್ಪಾಯಿತಾ’ ಎಂಬ ಅವರ ಅನುಮಾನ ಅಲ್ಲಿಗೆ ಮುಗಿಯುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಸಾಯದೆ ಸಂಜೆಯೇ ಯಾಕೆ ಸಾಯುತ್ತದೆ, ಲಾಗ್‌ನಲ್ಲಿ ಒಂದು ಅಕ್ಷರವೂ ಯಾಕಿಲ್ಲ? ಇವೆರಡಕ್ಕೂ ಉತ್ತರ ಒಂದೇ ಕಡೆ ಇದೆ. ಪ್ರೋಗ್ರಾಮ್ ಮೆಮೊರಿ ಕೇಳಿದಾಗ ಕರ್ನಲ್ ‘ತಗೋ’ ಎಂದು ವಿಳಾಸವನ್ನಷ್ಟೇ ಕೊಡುತ್ತದೆ. ಅದು ಉದ್ರಿ ಪುಸ್ತಕದಲ್ಲಿ ಬರೆದುಕೊಂಡ ಹಾಗೆ, ಗೋದಾಮಿನಿಂದ ಮಾಲು ಇನ್ನೂ ಹೊರಬಿದ್ದಿಲ್ಲ. ಆ ವಿಳಾಸದ ಒಂದೊಂದು ಪುಟವನ್ನು, ಸಾಮಾನ್ಯವಾಗಿ 4 ಕೆಬಿಯದು, ಪ್ರೋಗ್ರಾಮ್ ಮೊದಲ ಸಲ ಮುಟ್ಟಿದಾಗ ನಿಜವಾದ ಮೆಮೊರಿ ಕೊಟ್ಟು, ಆಗ ಸಿಗ್ರೂಪ್‌ನ ಖಾತೆಗೆ ಖರ್ಚು ಹಾಕುತ್ತದೆ. ಹೀಗಾಗಿ 7.8 ಜಿಬಿಯ ಹೀಪ್‌ಗೆ ಜಾಗ ಕಾದಿರಿಸುವಾಗ ಯಾರೂ ತಡೆಯಲಿಲ್ಲ. ಹಗಲಿಡೀ ಗಾಡಿ ಕಡಿಮೆ, ಹೀಪ್ ನಿಧಾನಕ್ಕೆ ಬೆಳೆಯುತ್ತದೆ. ಮೇಲ್ಮಿತಿ ಇನ್ನೂ ದೂರ ಇದೆ ಎಂಬ ನಂಬಿಕೆಯಲ್ಲಿ ಜಾವಾ ಹಳೆಯ ಕಸವನ್ನು ಗುಡಿಸಲು ಅವಸರ ಮಾಡುವುದಿಲ್ಲ. ಸಂಜೆ ಗಾಡಿಗಳ ಸಾಲು ಬೆಳೆದಾಗ ಒಮ್ಮೆಲೇ ಹೊಸ ಪುಟಗಳನ್ನು ಮುಟ್ಟುತ್ತದೆ, ಖಾತೆ 2 ಜಿಬಿಗೆ ತಾಗುತ್ತದೆ. ಕರ್ನಲ್ ಮೊದಲು ಆ ಗುಂಪಿನ ಫೈಲ್ ಕ್ಯಾಶ್ ಬಿಡಿಸಿ ಜಾಗ ಮಾಡಲು ನೋಡುತ್ತದೆ. ಸಾಲದಿದ್ದರೆ ಔಟ್ ಆಫ್ ಮೆಮೊರಿ ಕಿಲ್ಲರ್ ಬಂದು ಸಿಗ್ನಲ್ 9 ಕಳಿಸುತ್ತದೆ. ಆ ಸಿಗ್ನಲನ್ನು ಯಾವ ಪ್ರೋಗ್ರಾಮೂ ಹಿಡಿದು ನಿಲ್ಲಿಸಲಾರದು. ಕೊನೆಯ ಮಾತು ಬರೆಯುವುದಕ್ಕೂ ಪುರಸೊತ್ತು ಸಿಗುವುದಿಲ್ಲ. 128ಕ್ಕೆ 9 ಕೂಡಿಸಿದರೆ 137.

ಇಲ್ಲಿ ಒಂದು ಎಚ್ಚರ. 137 ಕಂಡ ಮಾತ್ರಕ್ಕೆ ಮೆಮೊರಿಯೇ ಕಾರಣ ಎನ್ನಬೇಡಿ. ಡಾಕರ್ ಸ್ಟಾಪ್ ಕೊಟ್ಟಾಗ ಪ್ರೋಗ್ರಾಮ್ 10 ಸೆಕೆಂಡಿನಲ್ಲಿ ತಾನಾಗಿ ನಿಲ್ಲದಿದ್ದರೆ ಡಾಕರ್ ಕೂಡ ಇದೇ ಸಿಗ್ನಲ್ 9 ಕಳಿಸುತ್ತದೆ, ಆಗಲೂ 137. ಸಾಕ್ಷಿ ಬೇಕೆಂದರೆ ಕಂಟೇನರ್ ಹೊರಗೆ, ಸರ್ವರ್ ಮೇಲೆ ಡಿಮೆಸ್ಗ್ (ಡಿ-ಎಂ-ಇ-ಎಸ್-ಜಿ) ಕಮಾಂಡ್ ಓಡಿಸಿ. ‘ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ’ ಎಂಬ ಸಾಲು, ಅದರ ಜೊತೆ ಸತ್ತ ಪ್ರೊಸೆಸ್‌ನ ಹೆಸರು ಸಿಕ್ಕರೆ ಮುಗಿಯಿತು. ಡಾಕರ್ ಇನ್‌ಸ್ಪೆಕ್ಟ್‌ನಲ್ಲಿ ‘ಓಓಎಮ್‌ಕಿಲ್ಡ್’ ಎಂಬುದರ ಮುಂದೆ ‘ಟ್ರೂ’ ಇದೆಯೇ ಎಂದೂ ನೋಡಿ.

ನಿಮಗೆ ಹೀಪ್ ಮಿತಿ ಹಾಕಿರೆಂದು ಮೊದಲೇ ಹೇಳಿದ್ದು ಇದಕ್ಕೇ. ಹೀಪ್‌ನ ಮೇಲ್ಮಿತಿ ಸಿಗ್ರೂಪ್ ಲಿಮಿಟ್‌ನ ಒಳಗೆ ಇದ್ದರೆ, ಮೊದಲು ತಾಗುವುದು ಜಾವಾದ್ದೇ ಗೋಡೆ. ಆಗ ಅದು ಕಸ ಗುಡಿಸುತ್ತದೆ. ಗುಡಿಸಿಯೂ ಸಾಲದಿದ್ದರೆ ‘ಔಟ್ ಆಫ್ ಮೆಮೊರಿ ಎರರ್’ ಎಂದು ಲಾಗ್‌ನಲ್ಲಿ ದೂರು ಬರೆಯುತ್ತದೆ, ಬೇಕಿದ್ದರೆ ಹೀಪ್ ಡಂಪ್ ಬಿಟ್ಟುಹೋಗುತ್ತದೆ. ಕರ್ನಲ್ ಕೊಂದರೆ ಏನೂ ಉಳಿಯುವುದಿಲ್ಲ. ಸಾಯುವುದೇ ಆದರೆ ಕಾರಣ ಹೇಳಿ ಸಾಯಲಿ, ರಾತ್ರಿ ಎರಡಕ್ಕೆ ಎದ್ದು ಹುಡುಕುವವನಿಗೆ ಅದೇ ದೊಡ್ಡ ಉಪಕಾರ.

2 ಜಿಬಿ ಲಿಮಿಟ್ ಇರುವಾಗ ಹೀಪ್‌ಗೆ 1 ಜಿಬಿ ಮಾತ್ರ ಯಾಕೆ, 2 ಜಿಬಿಯನ್ನೂ ಯಾಕೆ ಕೊಡಬಾರದು? ಹೀಪ್ ಒಂದೇ ಜಾವಾದ ಮೆಮೊರಿಯಲ್ಲ. ಕ್ಲಾಸುಗಳ ಮೆಟಾಸ್ಪೇಸ್, ಕಂಪೈಲ್ ಆದ ಕೋಡಿನ ಕ್ಯಾಶ್, ಕಸ ಗುಡಿಸುವವನ ಸ್ವಂತ ಲೆಕ್ಕಪುಸ್ತಕ, ನೆಟ್‌ವರ್ಕಿನ ಡೈರೆಕ್ಟ್ ಬಫರುಗಳು, ಪ್ರತಿ ಥ್ರೆಡ್‌ಗೆ ಒಂದು ಸ್ಟ್ಯಾಕ್ (64 ಬಿಟ್ ಲಿನಕ್ಸ್‌ನಲ್ಲಿ ತಾನಾಗಿ 1 ಎಂಬಿಯವರೆಗೆ) ಎಲ್ಲವೂ ಅದೇ ಸಿಗ್ರೂಪ್ ಖಾತೆಗೆ ಬೀಳುತ್ತವೆ. ನಿಮ್ಮ ಆ್ಯಪ್ ಟಾಮ್‌ಕ್ಯಾಟ್ ಮೇಲಿದ್ದರೆ ಅದರ ಥ್ರೆಡ್ ಮಿತಿ ತಾನಾಗಿ 200. ಸಾಲು ಬೆಳೆದ ಹೊತ್ತಿನಲ್ಲಿ ಇವೆಲ್ಲ ಒಟ್ಟಿಗೆ ಉಬ್ಬುತ್ತವೆ. ಹಿಂದಿನ ಹಂಗಾಮನ್ನು 512 ಎಂಬಿಯಲ್ಲಿ ದಾಟಿದ ಆ್ಯಪ್‌ಗೆ 1 ಜಿಬಿ ಧಾರಾಳವಾಯಿತು.

ಈ ವಿಷಯ ಹುಡುಕಿದರೆ ‘ಮ್ಯಾಕ್ಸ್‌ರ‍್ಯಾಮ್‌ಪರ್ಸೆಂಟೇಜ್ ಹಾಕಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ದಯವಿಟ್ಟು ಈಗ ಅದನ್ನು ಹಾಕಬೇಡಿ. ಸಲಹೆ ತಪ್ಪಲ್ಲ, ಆದರೆ ಶೇಕಡಾ ಲೆಕ್ಕ ಹಾಕುವುದು ಜಾವಾಕ್ಕೆ ಕಂಡ ಒಟ್ಟು ಮೆಮೊರಿಯ ಮೇಲೆ. ನಿಮ್ಮ 252ಕ್ಕೆ ಕಾಣುತ್ತಿರುವುದೇ 31 ಜಿಬಿ. ಶೇ 60 ಎಂದರೆ ಹೀಪ್‌ನ ಮಿತಿ 18 ಜಿಬಿ ದಾಟುತ್ತದೆ, ರೋಗ ಇನ್ನೂ ಉಲ್ಬಣಿಸುತ್ತದೆ. ಹಂಗಾಮು ಮುಗಿದು ಅಪ್‌ಡೇಟ್ 372ಕ್ಕಿಂತ ಮುಂದಿನ ಜಾವಾ 8ಕ್ಕೆ, ಅಥವಾ ಧೈರ್ಯ ಮಾಡಿ 17ಕ್ಕೆ ಹೋದ ಮೇಲೆ ಬೇಕಿದ್ದರೆ ಶೇಕಡಾ ಇಡಿ. ಜಾವಾ 8ರಲ್ಲಿ ಅದನ್ನು ‘60’ ಎಂದು ಬರೆದರೆ ಒಪ್ಪುವುದಿಲ್ಲ, ‘60.0’ ಎಂದು ದಶಮಾಂಶ ಹಾಕಿಯೇ ಬರೆಯಬೇಕು. ನನ್ನನ್ನು ಕೇಳಿದರೆ, ಒಂದೆರಡು ಸರ್ವರ್ ಇರುವ ನಿಮ್ಮಂಥ ಕಡೆ ಕೈಯಿಂದ ಬರೆದ ಸ್ಪಷ್ಟ ಅಂಕಿಯೇ ಒಳ್ಳೆಯದು. ಪ್ರೋಗ್ರಾಮಿಗೆ ಊಹಿಸಲು ಬಿಡಬಾರದು. ಊಹೆ ಇಂದು ಸರಿ ಇರುತ್ತದೆ, ನಾಳೆ ಕೆಳಗಿನ ನೆಲ ಬದಲಾದರೆ ತಪ್ಪುತ್ತದೆ, ತಪ್ಪಿದ್ದನ್ನು ಯಾರೂ ಬಂದು ಹೇಳುವುದಿಲ್ಲ.

ಇದನ್ನು ನಾನು ಕಷ್ಟಪಟ್ಟು ಕಲಿತವನು. ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಒಂದು ಸಂಸ್ಥೆಯ ಸರ್ವರ್ ನೋಡಿಕೊಳ್ಳುತ್ತಿದ್ದೆ. ತಿಂಗಳ ಕೊನೆಗೆ ಬಿಲ್ಲುಗಳನ್ನೆಲ್ಲ ಪಿಡಿಎಫ್ ಮಾಡುವ ಪೈಥಾನ್ ಪ್ರೋಗ್ರಾಮ್ ಅಲ್ಲಿತ್ತು, ಕಂಟೇನರ್‌ಗೆ 4 ಜಿಬಿ ಲಿಮಿಟ್, ಯಂತ್ರದಲ್ಲಿ 16 ಜಿಬಿ. ಬರೆದವರು ಒಟ್ಟು ಮೆಮೊರಿಯ ಐದನೇ ಒಂದು ಭಾಗದವರೆಗೆ ಚಿತ್ರಗಳನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳಲಿ ಎಂದು ಬರೆದಿದ್ದರು. ಒಟ್ಟು ಎಷ್ಟೆಂದು ಕೇಳಲು ಪಿಎಸ್‌ಯುಟಿಲ್ ಲೈಬ್ರರಿ ಬಳಸಿದ್ದರು, ಅದು ಓದುವುದು ಮೆಮ್‌ಇನ್ಫೋವನ್ನೇ. 16ರ ಐದನೇ ಒಂದು ಭಾಗ ಎಂದರೆ 3.2 ಜಿಬಿ, ಉಳಿದ ಕೆಲಸಕ್ಕೆ ಇನ್ನಷ್ಟು. ಹೇಗೋ 4ರ ಅಂಚಿನಲ್ಲಿ ನಡೆದುಹೋಗುತ್ತಿತ್ತು, ಕೆಲವು ತಿಂಗಳು ಮಾತ್ರ ಬೀಳುತ್ತಿತ್ತು. ಮೆಮೊರಿ ಸಾಲುತ್ತಿಲ್ಲ ಎಂದು ತೀರ್ಮಾನಿಸಿ ಜುಲೈನ ಒಂದು ಮಳೆಯ ರಾತ್ರಿ ಸರ್ವರ್ ಬಿಚ್ಚಿ 32 ಜಿಬಿ ಮಾಡಿದೆವು. ಹೊಸ ರ‍್ಯಾಮ್ ಕಡ್ಡಿಗಳನ್ನು ನಾನೇ ಕೂರಿಸಿದ್ದೆ. ಯಂತ್ರ ಎದ್ದಿತು, ಫ್ರೀ 31 ಎಂದಿತು, ಬಿಲ್ಲು ಶುರು ಮಾಡಿದೆವು. ಇಪ್ಪತ್ತು ನಿಮಿಷಕ್ಕೆ ಸತ್ತಿತು. ಮತ್ತೆ ಶುರು ಮಾಡಿದೆವು, ಮತ್ತೆ ಸತ್ತಿತು. ಮೊದಲು ಕೆಲವು ತಿಂಗಳು ಬೀಳುತ್ತಿದ್ದದ್ದು ಈಗ ಪ್ರತಿ ಸಲ ಬೀಳತೊಡಗಿತು. ಅದರ ಕ್ಯಾಶ್‌ನ ಮಿತಿ 6.4 ಜಿಬಿ ಆಗಿಹೋಗಿತ್ತು, ಲಿಮಿಟ್ 4ರಲ್ಲೇ ಇತ್ತು. ಬೆಳಗಿನ ಜಾವ ಆ ಒಂದು ಸಾಲಿನ ಕೋಡ್ ಕಣ್ಣಿಗೆ ಬಿದ್ದಾಗ ಅನಿಸಿದ್ದು ಇಂದಿಗೂ ನೆನಪಿದೆ: ದೊಡ್ಡ ಯಂತ್ರ ಕೊಟ್ಟು ಅದರ ಸಾವನ್ನು ನಾವೇ ಹತ್ತಿರ ತಂದಿದ್ದೆವು. ನಿಮ್ಮ ಪತ್ರ ಓದಿದಾಗ ಆ ರಾತ್ರಿಯೇ ಕಣ್ಮುಂದೆ ಬಂತು.

ಇನ್ನು ಸರಿಯಾದ ಅಂಕಿ ಎಲ್ಲಿ ನೋಡಬೇಕು. ಕಂಟೇನರ್ ಒಳಗೆ ‘ಮೆಮೊರಿ.ಮ್ಯಾಕ್ಸ್’ ತೆರೆದರೆ 2147483648 ಎಂದು ಕಾಣಬೇಕು, ಅದು 2 ಜಿಬಿ. ಲಿಮಿಟ್ ಇಲ್ಲದ ಕಂಟೇನರ್‌ನಲ್ಲಿ ಅಂಕಿಯೇ ಇರುವುದಿಲ್ಲ, ‘ಮ್ಯಾಕ್ಸ್’ ಎಂಬ ಪದ ಇರುತ್ತದೆ. ಹಳೆಯ ಆವೃತ್ತಿಯಲ್ಲಿ ಇದೇ ಜಾಗದಲ್ಲಿ 9223372036854771712 ಎಂಬ ರಾಕ್ಷಸ ಅಂಕಿ ಇರುತ್ತಿತ್ತು. ಸ್ವಂತ ಸ್ಕ್ರಿಪ್ಟ್ ಬರೆಯುವವರು ಇವೆರಡಕ್ಕೂ ತಯಾರಿರಬೇಕು.

ಪಕ್ಕದ ‘ಮೆಮೊರಿ.ಕರೆಂಟ್’ ಈಗಿನ ಖರ್ಚು ಹೇಳುತ್ತದೆ. ಅದನ್ನು ನೋಡಿ ಗಾಬರಿಯಾಗುವವರೇ ಹೆಚ್ಚು. ಆ್ಯಪ್ ಓದಿ ಬರೆಯುವ ಫೈಲುಗಳ ಕ್ಯಾಶ್ ಕೂಡ ಅದರಲ್ಲಿ ಸೇರಿರುವುದರಿಂದ, ದಿನವಿಡೀ ಲಾಗ್ ಬರೆಯುವ ಕಂಟೇನರ್‌ನಲ್ಲಿ ಅದು ಲಿಮಿಟ್ ಹತ್ತಿರವೇ ತೂಗಾಡುತ್ತಿರಬಹುದು. ಅದು ಅಪಾಯವಲ್ಲ, ಬೇಕೆಂದಾಗ ಕರ್ನಲ್ ಆ ಕ್ಯಾಶನ್ನು ಬಿಡಿಸಿಕೊಳ್ಳುತ್ತದೆ. ಬಿಡಿಸಲಾಗದ ಭಾಗ ನೋಡಲು ‘ಮೆಮೊರಿ.ಸ್ಟ್ಯಾಟ್’ ತೆರೆದು ‘ಆ್ಯನನ್’ ಸಾಲು ನೋಡಿ. ಹೀಪ್, ಸ್ಟ್ಯಾಕ್ ಎಲ್ಲ ಇರುವುದು ಅದರಲ್ಲೇ. ಸ್ವಾಪ್ ಇಲ್ಲದ ನಿಮ್ಮ ಸರ್ವರಿನಲ್ಲಿ ಆ್ಯನನ್ ಎಷ್ಟಿದೆಯೋ ಅಷ್ಟೂ ಗಟ್ಟಿ ಖರ್ಚು. ಡಾಕರ್ ಸ್ಟ್ಯಾಟ್ಸ್ ತೋರಿಸುವ ಅಂಕಿ ಮೆಮೊರಿ.ಕರೆಂಟ್‌ಗಿಂತ ಕಡಿಮೆ ಇರುವುದೂ ಇದಕ್ಕೇ. ಸದ್ಯ ಬಳಕೆಯಲ್ಲಿಲ್ಲದ ಫೈಲ್ ಕ್ಯಾಶನ್ನು ಕಳೆದು ಅದು ತೋರಿಸುತ್ತದೆ.

ಎಲ್‌ಎಕ್ಸ್‌ಸಿಎಫ್‌ಎಸ್ ಎಂಬ ಇನ್ನೊಂದು ದಾರಿಯೂ ಇದೆ. ಅದು ಕಂಟೇನರ್ ಒಳಗಿನ ಮೆಮ್‌ಇನ್ಫೋ ಮೇಲೆ ತನ್ನದೊಂದು ಫೈಲನ್ನು ಹೊದಿಸಿ ಸಿಗ್ರೂಪ್ ಲೆಕ್ಕವನ್ನೇ ತೋರಿಸುತ್ತದೆ. ಆಗ ಫ್ರೀ ಕೂಡ 2 ಜಿಬಿ ಎನ್ನುತ್ತದೆ. ಎಲ್‌ಎಕ್ಸ್‌ಡಿ ಬಳಸುವವರಿಗೆ ಇದು ರೂಢಿ. ಡಾಕರ್‌ನಲ್ಲಿ ನೀವೇ ಕೈಯಿಂದ ಮೌಂಟ್ ಮಾಡಬೇಕು. ಆ ಫೈಲು ಓದದೆ ಸಿಸ್‌ಇನ್ಫೋ ಎಂಬ ಸಿಸ್ಟಮ್ ಕಾಲ್ ಮೂಲಕ ನೇರ ಕರ್ನಲನ್ನು ಕೇಳುವ ಪ್ರೋಗ್ರಾಮುಗಳಿಗೆ ಆ ಹೊದಿಕೆ ಸಾಲುವುದಿಲ್ಲ. ನಿಮ್ಮ ಕಾಟಾಕ್ಕೆ ಇದರ ಅಗತ್ಯ ಇಲ್ಲ.

ಮುಂದೆ ಬೇರೆ ಭಾಷೆಯಲ್ಲಿ ಏನಾದರೂ ಸೇರಿಸಿದರೆ ತಲೆಯಲ್ಲಿರಲಿ: ನೋಡ್‌ನಲ್ಲಿ ಓಎಸ್.ಟೋಟಲ್‌ಮೆಮ್ ಯಂತ್ರದ್ದನ್ನೇ ಹೇಳುತ್ತದೆ, ಲಿಮಿಟ್ ಬೇಕಿದ್ದರೆ 18.15ರಿಂದ ಬಂದಿರುವ ಪ್ರೊಸೆಸ್.ಕನ್‌ಸ್ಟ್ರೇನ್ಡ್‌ಮೆಮೊರಿ ಕೇಳಬೇಕು. ಗೋ ಭಾಷೆಯಲ್ಲಿ 1.19ರಿಂದ ಗೋಮೆಮ್‌ಲಿಮಿಟ್ ಇದೆ, ಆದರೆ ಅದು ಸಿಗ್ರೂಪ್ ಲಿಮಿಟನ್ನು ತಾನಾಗಿ ಓದುವುದಿಲ್ಲ, ಅಂಕಿ ನೀವೇ ಕೊಡಬೇಕು. ಇನ್ನು ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸುವಾಗ, ವಿಂಡೋಸ್ ಅಥವಾ ಮ್ಯಾಕ್ ಮೇಲಿನ ಡಾಕರ್ ಡೆಸ್ಕ್‌ಟಾಪ್ ಒಳಗೊಂದು ಲಿನಕ್ಸ್ ವರ್ಚುವಲ್ ಯಂತ್ರ ಓಡಿಸುತ್ತಿರುತ್ತದೆ. ಅಲ್ಲಿ ಕಾಣುವ ಟೋಟಲ್ ನಿಮ್ಮ ಲ್ಯಾಪ್‌ಟಾಪಿನದ್ದೂ ಅಲ್ಲ, ಕಂಟೇನರ್‌ನದ್ದೂ ಅಲ್ಲ, ನಡುವಿನ ಆ ಯಂತ್ರದ್ದು.

ಈ ವಾರ ನೀವು ಮಾಡಬೇಕಾದದ್ದು ಇಷ್ಟು. ಇಂದು ಹೀಪ್ ಮಿತಿ ಹಾಕಿ ಕಂಟೇನರ್ ಎಬ್ಬಿಸಿ. ಗರಿಷ್ಠ ಖರ್ಚನ್ನು ತಾನೇ ನೆನಪಿಡುವ ‘ಮೆಮೊರಿ.ಪೀಕ್’ ಎಂಬ ಫೈಲು 5.19 ಕರ್ನಲ್‌ನಿಂದ ಈಚೆಗೆ ಇದೆ. ಆದರೆ 22.04 ಹೊರಬಂದಾಗ ಅದರ ಜೊತೆ ಬಂದದ್ದು 5.15 ಕರ್ನಲ್. ನಿಮ್ಮಲ್ಲೂ ಅದೇ ಇದ್ದರೆ ಆ ಫೈಲು ಸಿಗುವುದಿಲ್ಲ. ಆಗ ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ನಿಮಿಷಕ್ಕೊಮ್ಮೆ ಆ್ಯನನ್ ಅಂಕಿಯನ್ನೂ ಹೊತ್ತನ್ನೂ ಒಂದು ಫೈಲಿಗೆ ಬರೆಯುವ ಸಣ್ಣ ಸ್ಕ್ರಿಪ್ಟನ್ನು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿ. ನಾಲ್ಕು ದಿನ ಬಿಡಿ, ಅದರಲ್ಲಿ ಒಂದು ದಿನವಾದರೂ ಗಾಡಿಗಳ ಸಾಲು ರಸ್ತೆವರೆಗೆ ಬಂದಿರಲಿ. ಆಮೇಲೆ ಆ ಫೈಲನ್ನು ನನಗೆ ಕಳಿಸಿ. 2 ಜಿಬಿ ಸಾಕೋ, 3 ಮಾಡಬೇಕೋ ಎಂದು ಆ ಅಂಕಿಗಳನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.